ಗಂಡಸರಿಗೂ ಬಾಗಿಲು ತೆರೆದ ಮಹಿಳಾ ವಿಶ್ವವಿದ್ಯಾಲಯ

ಕೆನಡಾದ ಪೂರ್ವ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರಕ್ಕೆ ಮೈಯೊಡ್ಡಿ ನಿಂತಿರುವ ಪ್ರಾಂತ್ಯ ನೋವಾ ಸ್ಕೋಷಿಯಾ. ಅದರ ರಾಜಧಾನಿ ಹ್ಯಾಲಿಫ್ಯಾಕ್ಸ್. ಈ ಬಂದರು ನಗರದ ಒಳಮಗ್ಗುಲಲ್ಲಿ ಬೆಡ್‌ಫರ್ಡ್ ಬೇಸಿನ್ ಎಂಬ ವಿಶಾಲವಾದ ಕೊಲ್ಲಿಯಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿಗೆ ಹೊರಡುವ ಸರಕು ಹಡಗುಗಳು ಇಲ್ಲಿ ಒಟ್ಟುಗೂಡಿ, ಯುದ್ಧನೌಕೆಗಳ ಬೆಂಗಾವಲಿನಲ್ಲಿ ಸಾಗರಕ್ಕೆ ಇಳಿಯುತ್ತಿದ್ದವು. ಆ ಕೊಲ್ಲಿಯನ್ನು ಮೇಲಿನಿಂದ ನೋಡುವ ಗುಡ್ಡದ ಇಳಿಜಾರಿನಲ್ಲಿ ಒಂದು ವಿಶ್ವವಿದ್ಯಾಲಯವಿದೆ. ಹೆಸರು ಮೌಂಟ್ ಸೇಂಟ್ ವಿನ್ಸೆಂಟ್. ಊರಿನವರ ಬಾಯಲ್ಲಿ ಬರಿಯ 'ಮೌಂಟ್'.

ಸುಮಾರು ನಾಲ್ಕು ಸಾವಿರ ವಿದ್ಯಾರ್ಥಿಗಳಿರುವ ಚಿಕ್ಕ ವಿಶ್ವವಿದ್ಯಾಲಯ ಇದು. ಇಲ್ಲಿ ಓದುವವರಲ್ಲಿ ಹೆಚ್ಚು ಕಡಿಮೆ ನಾಲ್ಕರಲ್ಲಿ ಮೂರು ಪಾಲು ಹೆಂಗಸರು. ಹಾಗೆಂದು ಇದು ಹೆಂಗಸರಿಗಷ್ಟೇ ಮೀಸಲಾದ ಸಂಸ್ಥೆಯಲ್ಲ. ಗಂಡಸರು ಇಲ್ಲಿ 1967ರಿಂದ ಓದುತ್ತಿದ್ದಾರೆ, ಪಾಠ ಹೇಳುತ್ತಿದ್ದಾರೆ, ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದಾರೆ. ಆದರೂ ಕೆನಡಾದ ಜನ ಇದನ್ನು ಮಹಿಳೆಯರ ವಿಶ್ವವಿದ್ಯಾಲಯವೆಂದೇ ಗುರುತಿಸುತ್ತಾರೆ. ಸಂಸ್ಥೆಯೂ ತನ್ನನ್ನು ಹಾಗೆಯೇ ಗುರುತಿಸಿಕೊಳ್ಳುತ್ತದೆ.

ಇದೊಂದು ವಿಚಿತ್ರ ಸ್ಥಿತಿ. ಗಂಡಸರಿಗೆ ಪ್ರವೇಶವಿದೆ ಎಂದ ಮೇಲೆ ಅದು ಹೇಗೆ ಮಹಿಳಾ ವಿಶ್ವವಿದ್ಯಾಲಯ? ಇಡೀ ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ಹುಡುಗಿಯರ ಸಂಖ್ಯೆಯೇ ಹುಡುಗರಿಗಿಂತ ಹೆಚ್ಚಾಗಿರುವಾಗ ಅಂಥದೊಂದು ಸಂಸ್ಥೆ ಯಾಕಾದರೂ ಬೇಕು? ಈ ಎರಡು ಪ್ರಶ್ನೆಗಳಿಗೆ ಮೌಂಟ್ ಕಂಡುಕೊಂಡ ಉತ್ತರ, ಆ ಉತ್ತರದಲ್ಲಿ ಉಳಿದುಹೋದ ಒಂದು ದೊಡ್ಡ ಕೊರತೆ, ಎರಡೂ ತಿಳಿಯತಕ್ಕ ಸಂಗತಿಗಳು.

ಸನ್ಯಾಸಿನಿಯರು ಕಟ್ಟಿದ ಕಾಲೇಜು

1849ರಲ್ಲಿ ನ್ಯೂಯಾರ್ಕಿನಿಂದ ನಾಲ್ವರು ಕ್ರೈಸ್ತ ಸನ್ಯಾಸಿನಿಯರು ಹ್ಯಾಲಿಫ್ಯಾಕ್ಸ್‌ಗೆ ಬಂದಿಳಿದರು. ಅವರು 'ಸಿಸ್ಟರ್ಸ್ ಆಫ್ ಚಾರಿಟಿ' ಎಂಬ ಕ್ಯಾಥೊಲಿಕ್ ಪಂಗಡದವರು. ಬಡವರ ಮಕ್ಕಳಿಗೆ ಅಕ್ಷರ ಕಲಿಸುವುದು, ಅನಾಥರನ್ನೂ ರೋಗಿಗಳನ್ನೂ ನೋಡಿಕೊಳ್ಳುವುದು ಅವರ ಕೆಲಸ. ಶಾಲೆಗಳು ಹೆಚ್ಚಿದಂತೆ ಪಾಠ ಹೇಳುವ ಸನ್ಯಾಸಿನಿಯರೂ ಹೆಚ್ಚು ಬೇಕಾದರು. ಅವರನ್ನು ತರಬೇತುಗೊಳಿಸುವ ಸಲುವಾಗಿ 1873ರಲ್ಲಿ ಬೆಡ್‌ಫರ್ಡ್ ಬೇಸಿನ್ನಿನ ಗುಡ್ಡದ ಮೇಲೆ ಒಂದು ಅಕಾಡೆಮಿ ಆರಂಭವಾಯಿತು. ಬಡವರ ಸೇವೆಗೆ ಹೆಸರಾದ ಫ್ರೆಂಚ್ ಸಂತ ವಿನ್ಸೆಂಟ್ ಡಿ ಪಾಲ್‌ನ ಹೆಸರನ್ನು ಅದಕ್ಕೆ ಇಟ್ಟರು. ಸನ್ಯಾಸಿನಿಯರ ಜೊತೆಗೆ ಹೊರಗಿನ ಹುಡುಗಿಯರೂ ಅಲ್ಲಿ ಓದತೊಡಗಿದರು.

ಆ ಕಾಲದ ಸ್ಥಿತಿ ಹೇಗಿತ್ತೆಂಬುದನ್ನು ನೆನಪಿಟ್ಟುಕೊಳ್ಳಬೇಕು. ಅಕಾಡೆಮಿ ಹುಟ್ಟಿ ಎರಡು ವರ್ಷಗಳಾದ ಮೇಲೆ, 1875ರಲ್ಲಿ, ನೆರೆಯ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮೌಂಟ್ ಆಲಿಸನ್ ಸಂಸ್ಥೆಯಲ್ಲಿ ಗ್ರೇಸ್ ಆನಿ ಲಾಕ್‌ಹಾರ್ಟ್ ಎಂಬ ತರುಣಿ ಪದವಿ ಪಡೆದಳು. ಇಡೀ ಬ್ರಿಟಿಷ್ ಸಾಮ್ರಾಜ್ಯದಲ್ಲಿ ಹೆಣ್ಣೊಬ್ಬಳು ಪಡೆದ ಮೊದಲ ಸ್ನಾತಕ ಪದವಿ ಅದು. ಮಾಂಟ್ರಿಯಲ್‌ನ ಹೆಸರಾಂತ ಮೆಕ್‌ಗಿಲ್ ವಿಶ್ವವಿದ್ಯಾಲಯ ಹುಡುಗಿಯರಿಗೆ ತರಗತಿ ತೆರೆದದ್ದು 1884ರಲ್ಲಿ. ಅದೂ ಹುಡುಗರಿಂದ ಬೇರೆಯಾಗಿ ಕೂರಿಸಿ ಪಾಠ ಹೇಳುವ ಕರಾರಿನ ಮೇಲೆ, ಶ್ರೀಮಂತರೊಬ್ಬರ ದೇಣಿಗೆ ಬಂದ ನಂತರ.

ಹ್ಯಾಲಿಫ್ಯಾಕ್ಸ್‌ನಲ್ಲಿ ಆಗಲೇ ಒಂದು ದೊಡ್ಡ ವಿಶ್ವವಿದ್ಯಾಲಯವಿತ್ತು. 1818ರಲ್ಲಿ ಸ್ಥಾಪನೆಯಾದ ಅದರ ಹೆಸರು ಡಾಲ್‌ಹೌಸಿ. ಈ ಹೆಸರು ಭಾರತದ ಓದುಗರಿಗೆ ಹೊಸದಲ್ಲ. ದತ್ತುಪುತ್ರರಿಗೆ ಹಕ್ಕಿಲ್ಲವೆಂದು ಹೇಳಿ ದೇಶೀ ಸಂಸ್ಥಾನಗಳನ್ನು ನುಂಗಿದ ಗವರ್ನರ್ ಜನರಲ್ ಡಾಲ್‌ಹೌಸಿಯ ತಂದೆ ಆಗ ನೋವಾ ಸ್ಕೋಷಿಯಾದ ಆಡಳಿತಗಾರನಾಗಿದ್ದ. ಆತನೇ ಅದರ ಸ್ಥಾಪಕ. ಮೌಂಟ್ 1914ರಲ್ಲಿ ಈ ವಿಶ್ವವಿದ್ಯಾಲಯದೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಅದರಂತೆ ಪದವಿಯ ಮೊದಲ ಎರಡು ವರ್ಷಗಳನ್ನು ಹುಡುಗಿಯರು ಗುಡ್ಡದ ಮೇಲೆ ಓದಿ, ಉಳಿದದ್ದನ್ನು ಡಾಲ್‌ಹೌಸಿಯಲ್ಲಿ ಮುಗಿಸಬಹುದಾಗಿತ್ತು. ಹನ್ನೊಂದು ವರ್ಷಗಳ ನಂತರ, 1925ರಲ್ಲಿ, ಪ್ರಾಂತ್ಯದ ಶಾಸನಸಭೆ ಮೌಂಟ್‌ಗೆ ತಾನೇ ಪದವಿ ಕೊಡುವ ಅಧಿಕಾರ ನೀಡಿತು.

ಈ 1925ನೆಯ ಇಸವಿಗೆ ಒಂದು ವಿಶೇಷವಿದೆ. ಕೆನಡಾದ ಸಂವಿಧಾನದಲ್ಲಿ ಬರುವ 'ವ್ಯಕ್ತಿ' ಎಂಬ ಪದದಲ್ಲಿ ಹೆಂಗಸರು ಸೇರುತ್ತಾರೆಯೇ ಇಲ್ಲವೇ ಎಂಬುದು ಆಗಿನ್ನೂ ಇತ್ಯರ್ಥವಾಗಿರಲಿಲ್ಲ. ಹೆಂಗಸರು ಸಂಸತ್ತಿನ ಮೇಲ್ಮನೆಯಾದ ಸೆನೆಟ್ಟಿಗೆ ನೇಮಕಗೊಳ್ಳುವಂತಿರಲಿಲ್ಲ. ಐವರು ಮಹಿಳೆಯರು ಹೂಡಿದ ಮೊಕದ್ದಮೆ ಲಂಡನ್ನಿನ ಪ್ರೀವಿ ಕೌನ್ಸಿಲ್‌ವರೆಗೆ ಹೋಗಿ, ಅವರೂ ವ್ಯಕ್ತಿಗಳೇ ಎಂಬ ತೀರ್ಪು ಬಂದದ್ದು 1929ರಲ್ಲಿ. ಅಂದರೆ, ಹೆಣ್ಣು ಕಾನೂನಿನ ಕಣ್ಣಿನಲ್ಲಿ ಪೂರ್ತಿ ವ್ಯಕ್ತಿಯಾಗುವುದಕ್ಕೆ ನಾಲ್ಕು ವರ್ಷ ಮೊದಲೇ ಈ ಗುಡ್ಡದ ಮೇಲಿನ ಹೆಂಗಸರಿಗೆ ಪದವಿ ನೀಡುವ ಅಧಿಕಾರ ಬಂದಿತ್ತು.

ಮಠದೊಳಗಿನ ಅಧಿಕಾರ

ಸನ್ಯಾಸಿನಿಯರ ಕಾಲೇಜೆಂದರೆ ಪ್ರಾರ್ಥನೆ, ಶಿಸ್ತು, ಕಟ್ಟುಪಾಡುಗಳ ಚಿತ್ರ ಕಣ್ಣಮುಂದೆ ಬರುತ್ತದೆ. ಅದು ಸುಳ್ಳಲ್ಲ. ಹಾಸ್ಟೆಲಿನ ಬಾಗಿಲು ಮುಚ್ಚುವ ಹೊತ್ತು, ಹೊರಗೆ ಹೋಗಲು ಅನುಮತಿ, ಉಡುಪಿನ ನಿಯಮ, ಎಲ್ಲವೂ ಆ ಕಾಲದ ಕಾಲೇಜುಗಳಲ್ಲಿ ಇದ್ದವು. ಆದರೆ ಇದರ ಇನ್ನೊಂದು ಮಗ್ಗುಲನ್ನು ಚರಿತ್ರಕಾರರು ಈಚೆಗೆ ಎತ್ತಿ ಹೇಳುತ್ತಿದ್ದಾರೆ. ಹೊರಗಿನ ವಿಶ್ವವಿದ್ಯಾಲಯಗಳಲ್ಲಿ ಹೆಂಗಸು ಬಹುಮಟ್ಟಿಗೆ ವಿದ್ಯಾರ್ಥಿನಿ ಅಥವಾ ಹಾಸ್ಟೆಲಿನ ಮೇಲ್ವಿಚಾರಕಿ. ಇಲ್ಲಿ ಆಕೆಯೇ ಪ್ರಾಂಶುಪಾಲೆ, ಆಕೆಯೇ ರಸಾಯನಶಾಸ್ತ್ರದ ಅಧ್ಯಾಪಕಿ, ಆಕೆಯೇ ಖಜಾಂಚಿ. ಕಟ್ಟಡ ಕಟ್ಟಿಸುವ ಗುತ್ತಿಗೆದಾರನೊಡನೆ ಲೆಕ್ಕ ಕೇಳುವವಳೂ ಆಕೆಯೇ. ಮದುವೆ, ಮಕ್ಕಳು, ಮನೆವಾರ್ತೆಯನ್ನು ಬಿಟ್ಟುಬಂದ ಹೆಂಗಸರಿಗೆ ಸಮಾಜ ಬಿಟ್ಟುಕೊಟ್ಟ ಒಂದು ಅಪರೂಪದ ಅವಕಾಶ ಅದು.

ಇದರ ಪರೀಕ್ಷೆ ನಡೆದದ್ದು 1951ರ ಜನವರಿ ಕೊನೆಯಲ್ಲಿ. ನಡುಚಳಿಗಾಲದಲ್ಲಿ ಬೆಂಕಿ ಹತ್ತಿ ಗುಡ್ಡದ ಮೇಲಿನ ದೊಡ್ಡ ಕಟ್ಟಡ ಸುಟ್ಟುಹೋಯಿತು. ಮಠ, ಕಾಲೇಜು, ಅಕಾಡೆಮಿ ಎಲ್ಲವೂ ಒಂದೇ ಸೂರಿನ ಅಡಿಯಲ್ಲಿದ್ದುದರಿಂದ ಎಲ್ಲವೂ ಒಟ್ಟಿಗೇ ಹೋದವು. ಸನ್ಯಾಸಿನಿಯರು ಸಂಸ್ಥೆಯನ್ನು ಮುಚ್ಚಲಿಲ್ಲ. ಬೇರೆ ಕಡೆ ಜಾಗ ಹುಡುಕಿ ಪಾಠಗಳನ್ನು ಮುಂದುವರಿಸಿದರು. ಸುಟ್ಟ ಜಾಗದ ಬಳಿ ಎವಾರಿಸ್ಟಸ್ ಹಾಲ್ ಎಂಬ ಹೊಸ ಕಟ್ಟಡ ಎದ್ದಿತು. ಇಂದಿಗೂ ಮೌಂಟ್ ಕ್ಯಾಂಪಸ್ಸಿನ ಮುಖ್ಯ ಕಟ್ಟಡಗಳಲ್ಲಿ ಅದೊಂದು.

1967

ಸಂಸ್ಥೆಯ ಚರಿತ್ರೆಯಲ್ಲಿ ಬೆಂಕಿಗಿಂತ ದೊಡ್ಡ ತಿರುವು ಬಂದದ್ದು ಅರವತ್ತರ ದಶಕದಲ್ಲಿ. 1962ರಿಂದ 1965ರವರೆಗೆ ರೋಮಿನಲ್ಲಿ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಕ್ಯಾಥೊಲಿಕ್ ಜಗತ್ತಿನ ಬಾಗಿಲು ಕಿಟಕಿಗಳನ್ನು ತೆರೆಯಿತು. ಸನ್ಯಾಸಕ್ಕೆ ಬರುವ ತರುಣಿಯರು ಎಲ್ಲೆಡೆ ಕಡಿಮೆಯಾಗತೊಡಗಿದರು. ಸರಕಾರ ಉನ್ನತ ಶಿಕ್ಷಣಕ್ಕೆ ಧಾರಾಳವಾಗಿ ಹಣ ಸುರಿಯತೊಡಗಿತು. ಹುಡುಗಿಯರಿಗೆ ಬೇರೆ ಕಾಲೇಜು ಎಂಬುದೇ ಹಳೆಯ ಕಾಲದ ಮಾತೆನಿಸಿ, ಉತ್ತರ ಅಮೆರಿಕದ ಎಷ್ಟೋ ಮಹಿಳಾ ಕಾಲೇಜುಗಳು ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕರಗಿಹೋದವು, ಇಲ್ಲವೇ ಸಹಶಿಕ್ಷಣದ ಸಂಸ್ಥೆಗಳಾಗಿ ಹೆಸರು ಮರೆಸಿಕೊಂಡವು.

ಆಗ ಮೌಂಟ್‌ನ ಅಧ್ಯಕ್ಷೆಯಾಗಿದ್ದವರು ಸಿಸ್ಟರ್ ಕ್ಯಾಥರೀನ್ ವಾಲೆಸ್. ಅವರ ಕಾಲದಲ್ಲಿ, 1966ರಲ್ಲಿ, ಕಾಲೇಜಿಗೆ ಹೊಸ ಸನ್ನದು ಸಿಕ್ಕಿ ಅದು ವಿಶ್ವವಿದ್ಯಾಲಯವಾಯಿತು. ಮರುವರ್ಷ ಗಂಡಸರಿಗೆ ಅಧಿಕೃತವಾಗಿ ಪ್ರವೇಶ ದೊರೆಯಿತು. ಆದರೆ ಬಾಗಿಲು ತೆರೆದಾಗ ಸಂಸ್ಥೆ ತನ್ನ ಗುರಿಯನ್ನು ಬಿಟ್ಟುಕೊಡಲಿಲ್ಲ. ಯಾರು ಬಂದು ಓದಿದರೂ ಸರಿಯೇ, ಹೆಂಗಸರ ಬದುಕಿಗೆ ಏನು ಬೇಕು ಎಂಬುದನ್ನು ಮೊದಲು ಕೇಳಿಕೊಂಡೇ ಇಲ್ಲಿನ ಪಾಠ, ಸಂಶೋಧನೆ, ಆಡಳಿತ ನಡೆಯಬೇಕು ಎಂಬ ನಿಲುವನ್ನು ಉಳಿಸಿಕೊಂಡಿತು. ಅಲ್ಲಿಂದ ಇಲ್ಲಿಯವರೆಗೆ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತವರೆಲ್ಲ ಹೆಂಗಸರೇ. 1978ರಲ್ಲಿ ಆ ಸ್ಥಾನಕ್ಕೆ ಬಂದ ಮಾರ್ಗರೆಟ್ ಫುಲ್ಟನ್ ಸನ್ಯಾಸಿನಿಯಲ್ಲದ ಮೊದಲ ಅಧ್ಯಕ್ಷೆ. 1988ರಲ್ಲಿ ಸನ್ಯಾಸಿನಿಯರು ಸಂಸ್ಥೆಯ ಒಡೆತನವನ್ನೂ ಆಡಳಿತ ಮಂಡಳಿಗೆ ಒಪ್ಪಿಸಿ ಹಿಂದೆ ಸರಿದರು.

ಗಂಡಸರಿಗೆ ಬಾಗಿಲು ತೆರೆದ ಅದೇ 1967ರಲ್ಲಿ ಕೆನಡಾ ಸರಕಾರ ಮಹಿಳೆಯರ ಸ್ಥಿತಿಗತಿ ಕುರಿತು ಒಂದು ರಾಯಲ್ ಕಮಿಷನ್ ನೇಮಿಸಿತು. ಪತ್ರಕರ್ತೆ ಫ್ಲಾರೆನ್ಸ್ ಬರ್ಡ್ ಅದರ ಅಧ್ಯಕ್ಷೆ. 1970ರಲ್ಲಿ ಸಲ್ಲಿಕೆಯಾದ ವರದಿಯಲ್ಲಿ 167 ಶಿಫಾರಸುಗಳಿದ್ದವು. ಸಮಾನ ವೇತನ, ಹೆರಿಗೆ ರಜೆ, ಮಕ್ಕಳ ಪಾಲನಾ ಕೇಂದ್ರಗಳು, ನಡುವಯಸ್ಸಿನಲ್ಲಿ ಮತ್ತೆ ಓದಲು ಬರುವ ಹೆಂಗಸರಿಗೆ ಅನುಕೂಲ ಮೊದಲಾದ ವಿಷಯಗಳೆಲ್ಲ ಅಲ್ಲಿ ಬಂದವು. ಮುಂದೆ ಮೌಂಟ್ ಹಿಡಿದ ದಾರಿಯೂ ಬಹುಮಟ್ಟಿಗೆ ಇದೇ.

ಹೊತ್ತು, ಮಗು, ದೂರ

ಹೆಣ್ಣಿಗೆ ಪ್ರವೇಶ ಕೊಟ್ಟರೆ ಸಾಲದು, ಆಕೆಗೆ ಹೊತ್ತೂ ಸಿಗಬೇಕು. ಮೂವತ್ತು ನಲವತ್ತರ ವಯಸ್ಸಿನಲ್ಲಿ, ಮನೆಯಲ್ಲಿ ಮಕ್ಕಳನ್ನಿಟ್ಟುಕೊಂಡು, ಅರ್ಧಕ್ಕೆ ಬಿಟ್ಟ ಪದವಿಯನ್ನು ಮುಗಿಸಬೇಕೆನ್ನುವವಳಿಗೆ ಬೆಳಿಗ್ಗೆ ಹತ್ತು ಗಂಟೆಯ ತರಗತಿ ಮುಚ್ಚಿದ ಬಾಗಿಲಿನಷ್ಟೇ ಗಟ್ಟಿಯಾದ ಅಡ್ಡಿ. ಮೌಂಟ್ ಅರೆಕಾಲಿಕ ವಿದ್ಯಾರ್ಥಿಗಳಿಗೆ ಒತ್ತು ಕೊಟ್ಟಿತು. ಕ್ಯಾಂಪಸ್ಸಿನಲ್ಲೇ ಚಿಕ್ಕ ಮಕ್ಕಳ ಕೇಂದ್ರವೊಂದು ನಡೆಯಿತು. ಶಿಶು ಶಿಕ್ಷಣ ಕಲಿಯುವವರಿಗೆ ಅದೇ ಪ್ರಯೋಗಶಾಲೆಯೂ ಆಯಿತು. 1980ರ ದಶಕದಲ್ಲಿ ಇಂಟರ್‌ನೆಟ್ ಎಂಬ ಹೆಸರನ್ನೇ ಜನಸಾಮಾನ್ಯರು ಕೇಳಿರದ ಕಾಲದಲ್ಲಿ ಮೌಂಟ್ ಟೆಲಿವಿಷನ್ ಮೂಲಕ ಪದವಿ ತರಗತಿಗಳನ್ನು ಪ್ರಸಾರ ಮಾಡತೊಡಗಿತು. ಮೀನುಗಾರರ ಹಳ್ಳಿಗಳು ಕರಾವಳಿಯುದ್ದಕ್ಕೂ ಚದುರಿಹೋಗಿರುವ, ಹಿಮ ಬಿದ್ದರೆ ರಸ್ತೆ ಮುಚ್ಚುವ ಪ್ರಾಂತ್ಯದಲ್ಲಿ ಅದರ ಬೆಲೆ ದೊಡ್ಡದು.

ಕಲಿಸುವ ವಿಷಯಗಳಲ್ಲೂ ಇದೇ ಯೋಚನೆ ಕಾಣುತ್ತದೆ. 1977ರಲ್ಲಿ ಸಾರ್ವಜನಿಕ ಸಂಪರ್ಕದ ಪದವಿ ತರಗತಿ ಇಲ್ಲಿ ಆರಂಭವಾಯಿತು. ಕೆನಡಾದಲ್ಲಿ ಅಂಥದು ಅದೇ ಮೊದಲು. ಶಿಶು ಮತ್ತು ಯುವಜನರ ಅಧ್ಯಯನ, ಪೌಷ್ಟಿಕ ಆಹಾರ ಶಾಸ್ತ್ರ, ವೃದ್ಧಾಪ್ಯದ ಅಧ್ಯಯನಗಳು ಬೆಳೆದವು. ಮಹಿಳಾ ಅಧ್ಯಯನಕ್ಕೆಂದೇ ಒಂದು ಪೀಠ ಸ್ಥಾಪನೆಯಾಯಿತು. ಮುಂದೆ ಸೆನೆಟರ್ ಆದ ನ್ಯಾನ್ಸಿ ರೂತ್ ಅವರ ಹೆಸರಿನಿಂದ ಅದನ್ನು 'ನ್ಯಾನ್ಸೀಸ್ ಚೇರ್' ಎನ್ನುತ್ತಾರೆ. ಅದೇ ಪ್ರಾಂತ್ಯದ ಅಕೇಡಿಯಾ ವಿಶ್ವವಿದ್ಯಾಲಯದಲ್ಲಿ 1975ರಲ್ಲಿ ಹುಟ್ಟಿದ್ದ ಮಹಿಳಾ ಅಧ್ಯಯನದ ಪತ್ರಿಕೆ 'ಅಟ್ಲಾಂಟಿಸ್' ಮುಂದೆ ಮೌಂಟ್‌ಗೆ ಬಂದು ನೆಲೆಸಿತು.

ಮಹಿಳೆ ಮತ್ತು ಸಾಮಾಜಿಕ ನ್ಯಾಯದ ಅಧ್ಯಯನಕ್ಕೆ ಇಲ್ಲಿರುವ ಸಂಸ್ಥೆಗೆ ಅಲೆಕ್ಸಾ ಮೆಕ್‌ಡೊನಾ ಅವರ ಹೆಸರಿದೆ. 1980ರಲ್ಲಿ ನೋವಾ ಸ್ಕೋಷಿಯಾದ ನ್ಯೂ ಡೆಮಾಕ್ರಟಿಕ್ ಪಕ್ಷದ ನಾಯಕಿಯಾದ ಆಕೆ ಮುಂದೆ ರಾಷ್ಟ್ರಮಟ್ಟದಲ್ಲೂ ಆ ಪಕ್ಷದ ನಾಯಕಿಯಾದರು. ಪ್ರಾಂತ್ಯದ ಶಾಸನಸಭೆಗೆ ಆಕೆ ಆಯ್ಕೆಯಾಗಿ ಬಂದಾಗ ಅಲ್ಲಿದ್ದ ಏಕೈಕ ಮಹಿಳೆ ಆಕೆ. ಸದಸ್ಯರ ಶೌಚಾಲಯ ಇದ್ದದ್ದು ಗಂಡಸರಿಗೆ ಮಾತ್ರ. ಶಾಸನಸಭೆಗೆ ಹೆಂಗಸು ಬರಬಾರದೆಂದು ಯಾವ ಕಾನೂನೂ ಹೇಳುತ್ತಿರಲಿಲ್ಲ. ಆದರೆ ಆ ಕಟ್ಟಡವನ್ನು ಕಟ್ಟಿದವರ ಮನಸ್ಸಿನಲ್ಲಿ ಹೆಂಗಸು ಇರಲೇ ಇಲ್ಲ. ಮೌಂಟ್ ತನ್ನ ಕೆಲಸವೆಂದು ತಿಳಿದದ್ದು ಇಂಥ ಕೊರತೆಗಳನ್ನು ಹುಡುಕುವುದನ್ನೇ.

ಗೃಹವಿಜ್ಞಾನದಿಂದ ದಿನಸಿ ಅಂಗಡಿಗೆ

ಈ ಮಾತಿಗೆ ಒಂದು ಒಳ್ಳೆಯ ಉದಾಹರಣೆಯಿದೆ. ಹಿಂದಿನ ಮಹಿಳಾ ಕಾಲೇಜುಗಳಲ್ಲೆಲ್ಲ ಗೃಹವಿಜ್ಞಾನ ಒಂದು ಮುಖ್ಯ ವಿಷಯ. ಒಳ್ಳೆಯ ಗೃಹಿಣಿಯನ್ನು ತಯಾರು ಮಾಡುವ ಅಡುಗೆ ಪಾಠ ಎಂದು ಇತರ ವಿಭಾಗದವರು ಅದನ್ನು ಹಗುರವಾಗಿ ಕಂಡದ್ದೂ ಉಂಟು. ಮೌಂಟ್‌ನಲ್ಲೂ ಈ ವಿಷಯ ಇತ್ತು. ಅದೇ ಮುಂದೆ ಪೌಷ್ಟಿಕ ಆಹಾರ ವಿಭಾಗವಾಗಿ ಬೆಳೆಯಿತು. ಈ ಶತಮಾನದ ಮೊದಲ ದಶಕದಲ್ಲಿ ಆ ವಿಭಾಗದ ಸಂಶೋಧಕರು ಒಂದು ಸರಳ ಪ್ರಶ್ನೆಯನ್ನು ಕೈಗೆತ್ತಿಕೊಂಡರು: ನೋವಾ ಸ್ಕೋಷಿಯಾದ ಒಂದು ಬಡ ಕುಟುಂಬ ಆರೋಗ್ಯಕರವಾದ ಊಟ ಮಾಡಬೇಕಾದರೆ ತಿಂಗಳಿಗೆ ಎಷ್ಟು ಹಣ ಬೇಕು?

ಇದನ್ನು ಲೆಕ್ಕ ಹಾಕಲು ಅವರು ಪಟ್ಟಿ ಹಿಡಿದ ಪರಿಣತರನ್ನಷ್ಟೇ ಕಳುಹಿಸಲಿಲ್ಲ. ತಿಂಗಳ ಕೊನೆಯಲ್ಲಿ ಅಡುಗೆಮನೆಯ ಡಬ್ಬಿಗಳು ಖಾಲಿಯಾಗುವುದನ್ನು ಸ್ವತಃ ಬಲ್ಲ ಹೆಂಗಸರಿಗೇ ತರಬೇತಿ ಕೊಟ್ಟು, ಪ್ರಾಂತ್ಯದ ಅಂಗಡಿಗಳಿಗೆ ಕಳುಹಿಸಿ, ಹಾಲು, ಬ್ರೆಡ್ಡು, ತರಕಾರಿ, ಮೊಟ್ಟೆಗಳ ಬೆಲೆ ಬರೆಸಿದರು. ಕನಿಷ್ಠ ಕೂಲಿಯಲ್ಲಿ, ಇಲ್ಲವೇ ಸರಕಾರಿ ನೆರವಿನಲ್ಲಿ ಬದುಕುವ ಕುಟುಂಬಗಳು ಬಾಡಿಗೆ ಮತ್ತು ಇತರ ಖರ್ಚು ಕಳೆದ ಮೇಲೆ ಅಷ್ಟು ಆಹಾರವನ್ನು ಕೊಳ್ಳಲಾರವು ಎಂಬುದು ವರ್ಷದಿಂದ ವರ್ಷಕ್ಕೆ ಬಂದ ಫಲಿತಾಂಶ. ಬಡವರಿಗೆ ಅಡುಗೆ ಮಾಡಲು ಬರುವುದಿಲ್ಲ, ಖರ್ಚಿನ ಹಿಡಿತ ಗೊತ್ತಿಲ್ಲ ಎಂಬ ಸುಲಭದ ಮಾತಿಗೆ ಅಂಕಿಗಳೇ ಉತ್ತರ ಕೊಟ್ಟವು. ಅಡುಗೆಮನೆಯ ವಿಷಯವೆಂದು ಬದಿಗೆ ಸರಿಸಿದ್ದರಿಂದಲೇ ಒಂದು ಪ್ರಾಂತ್ಯದ ಕೂಲಿ ನೀತಿಯನ್ನು ಪ್ರಶ್ನಿಸುವ ಸಾಮಗ್ರಿ ಹೊರಟಿತು.

ಬಾಗಿಲ ಒಳಗಿನ ಭಯ

ಹೊರಗಿನ ಜಗತ್ತಿನಲ್ಲಿ ಈ ನಡುವೆ ಅಂಕಿ ಸಂಖ್ಯೆಗಳು ಬದಲಾದವು. 1980ರ ದಶಕ ಮುಗಿಯುವ ಹೊತ್ತಿಗೆ ಕೆನಡಾದ ಸ್ನಾತಕ ವಿದ್ಯಾರ್ಥಿಗಳಲ್ಲಿ ಹುಡುಗಿಯರೇ ಬಹುಸಂಖ್ಯಾತರು. ಗುರಿ ಮುಟ್ಟಿತು ಎಂದು ಹೇಳಬಹುದಾದ ಆ ಗಳಿಗೆಯಲ್ಲೇ, 1989ರ ಡಿಸೆಂಬರ್ 6ರಂದು, ಮಾಂಟ್ರಿಯಲ್‌ನ ಎಕೋಲ್ ಪಾಲಿಟೆಕ್ನಿಕ್ ಎಂಬ ಎಂಜಿನಿಯರಿಂಗ್ ಕಾಲೇಜಿಗೆ ಬಂದೂಕು ಹಿಡಿದ ಒಬ್ಬಾತ ನುಗ್ಗಿದ. ತರಗತಿಯೊಂದರಲ್ಲಿ ಹುಡುಗರನ್ನು ಹೊರಗೆ ಕಳುಹಿಸಿ ಹುಡುಗಿಯರನ್ನು ಮಾತ್ರ ಉಳಿಸಿಕೊಂಡು ಗುಂಡು ಹಾರಿಸಿದ. ತಾನು ಸ್ತ್ರೀವಾದಿಗಳನ್ನು ದ್ವೇಷಿಸುತ್ತೇನೆಂದು ಆತ ಕೂಗಿದ್ದ. ಆ ದಿನ ಸತ್ತ ಹದಿನಾಲ್ವರೂ ಹೆಂಗಸರು. ಹನ್ನೆರಡು ಮಂದಿ ಎಂಜಿನಿಯರಿಂಗ್ ವಿದ್ಯಾರ್ಥಿನಿಯರು, ಒಬ್ಬಳು ನರ್ಸಿಂಗ್ ಓದುತ್ತಿದ್ದವಳು, ಒಬ್ಬಾಕೆ ಕಚೇರಿಯ ನೌಕರಳು. 1991ರಿಂದ ಡಿಸೆಂಬರ್ 6 ಕೆನಡಾದಲ್ಲಿ ಮಹಿಳೆಯರ ಮೇಲಿನ ಹಿಂಸೆಯ ವಿರುದ್ಧ ಸ್ಮರಣೆಯ ದಿನ.

ಹ್ಯಾಲಿಫ್ಯಾಕ್ಸ್‌ನ ಇತರ ಕ್ಯಾಂಪಸ್ಸುಗಳೂ ನೆಮ್ಮದಿಯಾಗಿ ಉಳಿಯಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸೇಂಟ್ ಮೇರೀಸ್ ವಿಶ್ವವಿದ್ಯಾಲಯದಲ್ಲಿ ಹೊಸ ವಿದ್ಯಾರ್ಥಿಗಳನ್ನು ಬರಮಾಡಿಕೊಳ್ಳುವ ವಾರದಂದು, ಅತ್ಯಾಚಾರವನ್ನು ತಮಾಷೆ ಮಾಡುವ ಘೋಷಣೆಯೊಂದನ್ನು ಹಿರಿಯ ವಿದ್ಯಾರ್ಥಿಗಳು ಕೂಗಿಸಿದ ವಿಡಿಯೊ ಹೊರಬಿತ್ತು. ಕೂಗಿದವರಲ್ಲಿ ಹುಡುಗಿಯರೂ ಇದ್ದರು. ಅನೇಕರಿಗೆ ಹೆಚ್ಚು ಆಘಾತ ತಂದದ್ದು ಅದೇ. 2014ರ ಡಿಸೆಂಬರಿನಲ್ಲಿ ಡಾಲ್‌ಹೌಸಿಯ ದಂತವೈದ್ಯಕೀಯ ವಿಭಾಗದ ಕೆಲವು ವಿದ್ಯಾರ್ಥಿಗಳು ತಮ್ಮ ಸಹಪಾಠಿನಿಯರ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆದುಕೊಂಡ ಅಸಹ್ಯವಾದ ಮಾತುಗಳು ಬಯಲಿಗೆ ಬಂದು ದೇಶದಾದ್ಯಂತ ಗದ್ದಲವಾಯಿತು. ತರಗತಿಯಲ್ಲಿ ಹುಡುಗಿಯರ ಸಂಖ್ಯೆ ಹೆಚ್ಚಾದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಈ ಘಟನೆಗಳು ಅಲುಗಿಸಿದವು.

ಯಾವ ಹೆಂಗಸರು?

ಇಲ್ಲಿಯವರೆಗಿನದು ಮೌಂಟ್‌ನ ಹೆಮ್ಮೆಯ ಕಥೆ. ಅದಕ್ಕೆ ಇನ್ನೊಂದು ಮುಖವಿದೆ.

ಮೌಂಟ್ ನಿಂತಿರುವ ನೆಲ ಮೂಲತಃ ಮಿಗ್‌ಮಾ ಎಂಬ ಆದಿವಾಸಿ ಜನರದು. ಹ್ಯಾಲಿಫ್ಯಾಕ್ಸ್‌ನ ಉತ್ತರಕ್ಕೆ, ಸುಮಾರು ಒಂದು ಗಂಟೆಯ ದಾರಿಯಲ್ಲಿ, ಶೂಬೆನಾಕಡಿ ಎಂಬ ಊರಿದೆ. 1930ರಲ್ಲಿ ಅಲ್ಲಿ ಆದಿವಾಸಿ ಮಕ್ಕಳಿಗಾಗಿ ಒಂದು ವಸತಿ ಶಾಲೆ ತೆರೆಯಿತು. ಕೆನಡಾದ ತುಂಬ ಸರಕಾರದ ಹಣದಲ್ಲಿ, ಚರ್ಚುಗಳ ಮೇಲ್ವಿಚಾರಣೆಯಲ್ಲಿ ನಡೆದ ಇಂಥ ಶಾಲೆಗಳ ಉದ್ದೇಶ, ಮಕ್ಕಳನ್ನು ತಂದೆ ತಾಯಿಯರಿಂದ ಬೇರ್ಪಡಿಸಿ, ಅವರ ಭಾಷೆ ಮತ್ತು ನಡಾವಳಿಯನ್ನು ಬಿಡಿಸಿ, ಬಿಳಿಯರ ಬದುಕಿಗೆ ಒಗ್ಗಿಸುವುದು. ಶೂಬೆನಾಕಡಿಯಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳು ಬೆಳೆದರು. ತಮ್ಮ ನುಡಿಯಲ್ಲಿ ಮಾತನಾಡಿದರೆ ಶಿಕ್ಷೆಯಾಗುತ್ತಿತ್ತು. ಹಸಿವು, ಹೊಡೆತ, ದುಡಿಮೆ, ದೌರ್ಜನ್ಯಗಳ ಬಗ್ಗೆ ಅಲ್ಲಿ ಓದಿದವರು ಮುಂದೆ ಹೇಳಿಕೆ ಕೊಟ್ಟಿದ್ದಾರೆ. ಮಿಗ್‌ಮಾ ಕವಯಿತ್ರಿ ರೀಟಾ ಜೋ ಆ ಶಾಲೆಯಲ್ಲಿದ್ದವರು. ಕಳೆದುಹೋದ ತಮ್ಮ ಮಾತಿನ ಬಗ್ಗೆ ಆಕೆ ಬರೆದ ಕವಿತೆ ಇಂದು ಕೆನಡಾದ ಶಾಲೆಗಳಲ್ಲಿ ಪರಿಚಿತ.

ಆ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಮಕ್ಕಳ ಊಟ ವಸತಿಯ ಉಸ್ತುವಾರಿ ನೋಡುತ್ತಿದ್ದವರು ಹ್ಯಾಲಿಫ್ಯಾಕ್ಸ್‌ನ ಸಿಸ್ಟರ್ಸ್ ಆಫ್ ಚಾರಿಟಿ. ಮೌಂಟ್ ಅನ್ನು ಕಟ್ಟಿದ ಅದೇ ಪಂಗಡ. ಒಂದು ಗುಡ್ಡದ ಮೇಲೆ ಹುಡುಗಿಯರಿಗೆ ಸ್ವಂತ ಬುದ್ಧಿಯ ದಾರಿ ತೋರಿಸುತ್ತಿದ್ದ ಸಂಸ್ಥೆಯ ಸೋದರಿಯರೇ ಇನ್ನೊಂದು ಗುಡ್ಡದ ಮೇಲೆ ಬೇರೆ ಹುಡುಗಿಯರ ಬಾಯಿಂದ ತಾಯ್ನುಡಿ ಕಿತ್ತುಕೊಳ್ಳುವ ವ್ಯವಸ್ಥೆಯ ಭಾಗವಾಗಿದ್ದರು. ಶೂಬೆನಾಕಡಿ ಶಾಲೆ ಮುಚ್ಚಿದ್ದು 1967ರಲ್ಲಿ. ಮೌಂಟ್ ಗಂಡಸರಿಗೆ ಬಾಗಿಲು ತೆರೆದ ವರ್ಷ, ದೇಶ ಮಹಿಳೆಯರ ಸ್ಥಿತಿಗತಿ ವಿಚಾರಿಸಲು ಆಯೋಗ ನೇಮಿಸಿದ ವರ್ಷ.

ಇಂಥ ಮರೆವು ಈ ಪಂಗಡದ್ದಷ್ಟೇ ಅಲ್ಲ. ಮೌಂಟ್‌ನ ಕೆಳಗಿರುವ ಅದೇ ಬೆಡ್‌ಫರ್ಡ್ ಬೇಸಿನ್ನಿನ ದಕ್ಷಿಣ ದಡದಲ್ಲಿ ಆಫ್ರಿಕ್‌ವಿಲ್ ಎಂಬ ಕರಿಯರ ಬಡಾವಣೆ ನೂರು ವರ್ಷಕ್ಕೂ ಮೇಲ್ಪಟ್ಟು ಬಾಳಿತ್ತು. ತೆರಿಗೆ ಕಟ್ಟಿದರೂ ಅಲ್ಲಿಗೆ ನಲ್ಲಿ ನೀರಾಗಲಿ ಒಳಚರಂಡಿಯಾಗಲಿ ಬರಲಿಲ್ಲ. 1960ರ ದಶಕದಲ್ಲಿ ನಗರಾಡಳಿತ ಆ ಬಡಾವಣೆಯನ್ನೇ ಕೆಡವಿತು. ನಗರದ ಮೇಯರ್ ಅದಕ್ಕೆ ಕ್ಷಮೆ ಕೋರಿದ್ದು 2010ರಲ್ಲಿ. ಹೆಂಗಸರ ಪ್ರಗತಿಯ ಮಾತು ನಡೆಯುತ್ತಿದ್ದ ದಶಕಗಳಲ್ಲೇ ಕಣ್ಣಳತೆಯ ದೂರದಲ್ಲಿದ್ದ ಹೆಂಗಸರು ಬಾವಿಯಿಂದ ನೀರು ಹೊರುತ್ತಿದ್ದರು.

ವಸತಿ ಶಾಲೆಗಳ ಬಗ್ಗೆ ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರಲ್ಲಿ. ಸತ್ಯ ಮತ್ತು ಸಮನ್ವಯ ಆಯೋಗ 2015ರಲ್ಲಿ ವರದಿ ನೀಡಿ, 94 ಕ್ರಮಗಳನ್ನು ಕೈಗೊಳ್ಳಲು ಕರೆ ಕೊಟ್ಟಿತು. ಮೌಂಟ್‌ನಲ್ಲಿ ಈ ವಿಷಯ ಬಿಸಿಯೇರಿದ್ದು 2018ರಲ್ಲಿ. ವಸತಿ ಶಾಲೆಗಳ ಚರಿತ್ರೆಯನ್ನೇ ಕುರಿತ ಒಂದು ತರಗತಿಯನ್ನು ಆದಿವಾಸಿಯಲ್ಲದ ಅಧ್ಯಾಪಕಿಗೆ ವಹಿಸಲಾಯಿತು. ಆ ನೋವನ್ನು ಅನುಭವಿಸಿದ ಸಮುದಾಯದವರೇ ಅದನ್ನು ಹೇಳಬೇಕಲ್ಲವೇ ಎಂದು ಟೀಕಾಕಾರರು ಕೇಳಿದರು. ವಿಷಯವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರಿಗೆ ಕಲಿಸುವ ಹಕ್ಕಿಲ್ಲವೇ ಎಂದು ಬೇರೆಯವರು ಕೇಳಿದರು. ವಿಶ್ವವಿದ್ಯಾಲಯ ಅಧ್ಯಾಪಕಿಯನ್ನು ಬದಲಿಸಲಿಲ್ಲ. ಆದರೆ ಹೆಂಗಸರ ಚರಿತ್ರೆಯನ್ನು ಗಂಡಸರೇ ಬರೆಯುತ್ತಾರೆಂದು ದಶಕಗಳ ಕಾಲ ಆಕ್ಷೇಪಿಸಿದ್ದ ಸಂಸ್ಥೆಗೆ ಅದೇ ಆಕ್ಷೇಪ ಇನ್ನೊಂದು ದಿಕ್ಕಿನಿಂದ ಬಂದದ್ದು ಗಮನಿಸಬೇಕಾದ ಮಾತು.

2021ರ ಮೇ ತಿಂಗಳಿನಲ್ಲಿ ಬ್ರಿಟಿಷ್ ಕೊಲಂಬಿಯಾದ ಕ್ಯಾಮ್‌ಲೂಪ್ಸ್ ವಸತಿ ಶಾಲೆಯ ಆವರಣದಲ್ಲಿ ಮಕ್ಕಳ ಗುರುತಿಲ್ಲದ ಸಮಾಧಿಗಳಿರಬಹುದೆಂಬ ಸುದ್ದಿ ಬಂದು ಇಡೀ ದೇಶ ತಲ್ಲಣಿಸಿತು. ಅದೇ ವರ್ಷ ಮೌಂಟ್‌ನ ಅಧ್ಯಕ್ಷೆ, ಶೂಬೆನಾಕಡಿಯೊಡನೆ ತಮ್ಮ ಸಂಸ್ಥೆಗಿದ್ದ ನಂಟಿಗಾಗಿ ಆದಿವಾಸಿ ಜನರ ಕ್ಷಮೆ ಕೋರಿದರು. ಶಾಲೆ ಮುಚ್ಚಿ ಐವತ್ನಾಲ್ಕು ವರ್ಷಗಳಾದ ಮೇಲೆ ಬಂದ ಮಾತು. ಅದನ್ನು ಕೇಳಬೇಕಾಗಿದ್ದ ಎಷ್ಟೋ ಮಂದಿ ಆ ವೇಳೆಗೆ ಬದುಕಿರಲಿಲ್ಲ. ರೀಟಾ ಜೋ ತೀರಿಕೊಂಡದ್ದು 2007ರಲ್ಲಿ.

ಉಳಿದದ್ದು ಯಾಕೆ?

ಮೌಂಟ್‌ನಂಥದೇ ಹುಟ್ಟಿನ ಇನ್ನೊಂದು ಸಂಸ್ಥೆ ಒಂಟಾರಿಯೊ ಪ್ರಾಂತ್ಯದ ಲಂಡನ್ ನಗರದಲ್ಲಿತ್ತು. ಉರ್ಸುಲೀನ್ ಪಂಗಡದ ಸನ್ಯಾಸಿನಿಯರು 1919ರಲ್ಲಿ ಸ್ಥಾಪಿಸಿದ ಬ್ರೆಸಿಯಾ ಕಾಲೇಜು ಅದು. ವೆಸ್ಟರ್ನ್ ವಿಶ್ವವಿದ್ಯಾಲಯದ ಅಂಗಸಂಸ್ಥೆಯಾಗಿದ್ದ ಬ್ರೆಸಿಯಾ, ಹೆಂಗಸರಿಗೆ ಮಾತ್ರ ಪ್ರವೇಶ ಎಂಬ ನಿಯಮವನ್ನು ಕಡೆಯವರೆಗೂ ಉಳಿಸಿಕೊಂಡಿತು. ಕೆನಡಾದಲ್ಲಿ ಉಳಿದಿದ್ದ ಏಕೈಕ ಮಹಿಳಾ ವಿಶ್ವವಿದ್ಯಾಲಯ ಕಾಲೇಜು ಎಂಬುದು ಅದರ ಹೆಮ್ಮೆಯಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಇದ್ದಕ್ಕಿದ್ದಂತೆ ವಿಲೀನದ ಘೋಷಣೆ ಹೊರಬಿದ್ದಿತು. 2024ರ ಮೇ ತಿಂಗಳಿನಲ್ಲಿ ಬ್ರೆಸಿಯಾ ವೆಸ್ಟರ್ನ್‌ನಲ್ಲಿ ಸೇರಿಹೋಯಿತು. ಹಳೆಯ ವಿದ್ಯಾರ್ಥಿನಿಯರು ಮರುಗಿದರು, ಪ್ರತಿಭಟಿಸಿದರು. ನೂರೈದು ವರ್ಷಗಳ ಸಂಸ್ಥೆಯ ಕಥೆ ಅಲ್ಲಿಗೆ ಮುಗಿಯಿತು.

ಬಾಗಿಲು ತೆರೆದದ್ದು ಉಳಿಯಿತು, ಮುಚ್ಚಿಟ್ಟದ್ದು ಹೋಯಿತು ಎಂದು ಇದರಿಂದ ಅವಸರದ ನೀತಿ ತೆಗೆಯುವಂತಿಲ್ಲ. ಒಂದೊಂದು ಸಂಸ್ಥೆಯ ಹಣಕಾಸು, ಪ್ರಾಂತ್ಯದ ನೀತಿ, ನೆರೆಯ ವಿಶ್ವವಿದ್ಯಾಲಯದ ಗಾತ್ರ ಬೇರೆ ಬೇರೆ. ಮೌಂಟ್‌ಗೂ ನಿಶ್ಚಿಂತೆಯಿಲ್ಲ. ನೋವಾ ಸ್ಕೋಷಿಯಾದಲ್ಲಿ ಶುಲ್ಕ ದುಬಾರಿ, ಹ್ಯಾಲಿಫ್ಯಾಕ್ಸ್‌ನಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ. ಹೊರದೇಶದ ವಿದ್ಯಾರ್ಥಿಗಳ ಸಂಖ್ಯೆಗೆ ಕೆನಡಾ ಸರಕಾರ 2024ರಲ್ಲಿ ಮಿತಿ ಹಾಕಿದ ಮೇಲೆ ಅವರ ಶುಲ್ಕವನ್ನು ನೆಚ್ಚಿದ್ದ ಸಂಸ್ಥೆಗಳೆಲ್ಲ ಇಕ್ಕಟ್ಟಿಗೆ ಸಿಕ್ಕಿವೆ. ಅರ್ಧ ಊಟ ಬಿಟ್ಟು ಪುಸ್ತಕ ಕೊಳ್ಳುವ ವಿದ್ಯಾರ್ಥಿನಿಯರು ಇರುವ ದೇಶ ಅದು ಎಂದರೆ ಹೊರಗಿನವರಿಗೆ ಅಚ್ಚರಿಯಾಗಬಹುದು. ಕ್ಯಾಂಪಸ್ಸುಗಳಲ್ಲೇ ಉಚಿತ ದಿನಸಿ ಹಂಚುವ ಕೇಂದ್ರಗಳು ಇಂದು ಕೆನಡಾದಲ್ಲಿ ಸಾಮಾನ್ಯ.

ಆದರೂ ಮೌಂಟ್‌ನ ನೂರೈವತ್ತು ವರ್ಷಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಹೆಣ್ಣಿಗೆ ಪ್ರವೇಶ ಕೊಡುವುದು ಒಂದು ಕೆಲಸ, ಹೆಣ್ಣಿನ ಬದುಕನ್ನು ಮುಂದಿಟ್ಟುಕೊಂಡು ಸಂಸ್ಥೆ ಕಟ್ಟುವುದು ಬೇರೊಂದು ಕೆಲಸ. ಮೊದಲನೆಯದು ಕೆನಡಾದಲ್ಲಿ ಬಹಳ ಮಟ್ಟಿಗೆ ಮುಗಿದಿದೆ. ಎರಡನೆಯದು ಮುಗಿದಿಲ್ಲ. ಎಂಜಿನಿಯರಿಂಗ್ ತರಗತಿಗಳಲ್ಲಿ ಹುಡುಗಿಯರು ಇನ್ನೂ ಅಲ್ಪಸಂಖ್ಯಾತರು. ಮಗುವನ್ನು ಎಲ್ಲಿ ಬಿಡುವುದು ಎಂಬ ಪ್ರಶ್ನೆ ಓದಲು ಬರುವ ತಾಯಿಯನ್ನು ಇನ್ನೂ ಬಿಟ್ಟಿಲ್ಲ.

ಶೂಬೆನಾಕಡಿಯ ಕಥೆ ಇದಕ್ಕೆ ಮೂರನೆಯ ಕೆಲಸವೊಂದನ್ನು ಸೇರಿಸುತ್ತದೆ. 'ಹೆಂಗಸರಿಗಾಗಿ' ಎಂದು ಹೇಳುವಾಗ ಮನಸ್ಸಿನಲ್ಲಿರುವುದು ಯಾವ ಹೆಂಗಸು ಎಂದು ಪ್ರತಿಯೊಂದು ತಲೆಮಾರೂ ಮತ್ತೆ ಕೇಳಿಕೊಳ್ಳಬೇಕು. 1873ರಲ್ಲಿ ಗುಡ್ಡ ಹತ್ತಿದ ಸನ್ಯಾಸಿನಿಯರು ಆ ಪ್ರಶ್ನೆಯನ್ನು ಕೇಳಿಕೊಳ್ಳಲಿಲ್ಲ. ಮಿಗ್‌ಮಾ ವಿದ್ಯಾರ್ಥಿಗಳು ಇಂದು ಅದೇ ಗುಡ್ಡದ ಮೇಲೆ ಓದುತ್ತಿದ್ದಾರೆ. ಅವರಿಗಾಗಿ ಕ್ಯಾಂಪಸ್ಸಿನಲ್ಲಿ ಒಂದು ಕೇಂದ್ರವೂ ಇದೆ. ಅವರ ಅಜ್ಜಿಯರ ಕಾಲದಲ್ಲಿ ಶಾಲೆಯ ಆವರಣದಲ್ಲಿ ಶಿಕ್ಷೆಗೆ ಕಾರಣವಾಗಿದ್ದ ನುಡಿಯನ್ನು ಅಲ್ಲಿ ಯಾರ ಹೆದರಿಕೆಯೂ ಇಲ್ಲದೆ ಆಡಬಹುದು.